ಪಾಸಾದ ಡಬ್ಬಿ

ಕೊಟ್ಟೂರಿನಿಂದ ಕೂಡ್ಲಿಗಿಗೆ ಹೋಗುವ ರಸ್ತೆಯಲ್ಲಿ, ಊರು ಮುಗಿಯುವಲ್ಲಿ, ಶಿವಯೋಗಪ್ಪನ ಪೇಂಟ್ ಕಾರ್ಖಾನೆ ಇತ್ತು. ಕಾರ್ಖಾನೆ ಎಂದರೆ ಎರಡು ಶೆಡ್ಡು, ಬಣ್ಣ ಅರೆಯುವ ಒಂದು ಹಳೆಯ ಯಂತ್ರ, ಬೆರಳೆಣಿಕೆಯ ಆಳುಗಳು. ಬಾಗಿಲು, ಕಿಟಕಿ, ಟ್ರ್ಯಾಕ್ಟರ್ ಟ್ರೇಲರ್‌ಗೆ ಹಚ್ಚುವ ಎಣ್ಣೆ ಬಣ್ಣ ಅಲ್ಲಿ ತಯಾರಾಗಿ ಹಡಗಲಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಯ ಅಂಗಡಿಗಳಿಗೆ ಹೋಗುತ್ತಿತ್ತು.

ಆ ಬಣ್ಣಕ್ಕೆ ಡಬ್ಬಿ ಮಾಡುತ್ತಿದ್ದವನು ರಾಜಾಸಾಬ್. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವನ ಅಂಗಡಿ. ತಗಡು ಕತ್ತರಿಸಿ, ಸುತ್ತಿ, ಅಂಚು ಮಡಚಿ, ಬೆಸುಗೆ ಹಾಕಿ ಕೊಡುತ್ತಿದ್ದ. ಖಾಲಿಯಾದ ಡಬ್ಬಿಗಳು ಬಣ್ಣ ಒಯ್ದ ಗಾಡಿಯಲ್ಲೇ ವಾಪಸು ಬರುತ್ತಿದ್ದವು. ರಾಜಾಸಾಬ್ ಅವುಗಳೊಳಗೆ ಉಳಿದ ಬಣ್ಣವನ್ನು ಸುಟ್ಟು, ಕೆರೆದು, ತಗ್ಗು ಬಿದ್ದದ್ದನ್ನು ತಟ್ಟಿ ನೆಟ್ಟಗೆ ಮಾಡಿ, ಬಿಟ್ಟ ಬೆಸುಗೆ ಮತ್ತೆ ಕೂಡಿಸಿ ಕಾರ್ಖಾನೆಗೆ ಕಳಿಸುತ್ತಿದ್ದ. ಒಂದೊಂದು ಡಬ್ಬಿ ನಾಲ್ಕೈದು ಸಲವಾದರೂ ಊರು ಸುತ್ತಿ ಬರುತ್ತಿತ್ತು. ಅವನು ಅದನ್ನು ‘ತಿರುಗೋ ಡಬ್ಬಿ’ ಅನ್ನುತ್ತಿದ್ದ. ಇದನ್ನು ಯಾರೂ ದೊಡ್ಡ ವಿಷಯ ಅಂದುಕೊಂಡಿರಲಿಲ್ಲ. ತಗಡು ತುಟ್ಟಿ, ಬಿಸಾಡುವುದು ಯಾಕೆ, ಅಷ್ಟೆ.

ಅವನ ಒಬ್ಬಳೇ ಮಗಳು ಮೆಹರೀನ ಊರಿನ ಕಾಲೇಜಿನಲ್ಲೇ ರಸಾಯನಶಾಸ್ತ್ರ ಓದಿ ಬಿ.ಎಸ್ಸಿ. ಮುಗಿಸಿದಳು. ಅದೇ ವರ್ಷ ಶಿವಯೋಗಪ್ಪ ಅವಳನ್ನು ಕಾರ್ಖಾನೆಗೆ ಸೇರಿಸಿಕೊಂಡ. ಎಣ್ಣೆ ಬಣ್ಣದ ವ್ಯಾಪಾರ ಇಳಿಯುತ್ತಿತ್ತು. ದೊಡ್ಡ ಕಂಪನಿಗಳ ನೀರು ಬಣ್ಣ ಹಳ್ಳಿ ಹಳ್ಳಿಗೂ ಬಂದಿತ್ತು. ವಾಸನೆ ಇಲ್ಲ, ಬೇಗ ಒಣಗುತ್ತದೆ, ಬ್ರಷ್ಷನ್ನು ನೀರಲ್ಲೇ ತೊಳೆಯಬಹುದು. ಅಂಥದ್ದೊಂದನ್ನು ತಾನೂ ಮಾಡಬೇಕೆಂದು ಶಿವಯೋಗಪ್ಪ ಹಟ ಹಿಡಿದ. ಮೆಹರೀನ ಕೆಡಿಸುತ್ತ, ಸರಿ ಮಾಡುತ್ತ, ಕೊನೆಗೆ ಗೋಡೆಗೆ ಒಪ್ಪುವ ಬಣ್ಣ ಮಾಡಿಕೊಟ್ಟಳು. ಎರಡು ಸಾವಿರದ ಒಂದರಲ್ಲಿ ಶಾಲಾ ಕಟ್ಟಡಗಳಿಗೆ ಬಣ್ಣ ಬಳಿಸುವ ಸರ್ಕಾರಿ ಕೆಲಸವೊಂದು ಹೊರಬಿತ್ತು. ಅದರಲ್ಲೊಂದು ಷರತ್ತಿತ್ತು. ಖಾಲಿ ಡಬ್ಬಿಗಳನ್ನು ಶಾಲೆಯ ಅಂಗಳದಲ್ಲಿ ಬಿಸಾಡಿ ಹೋಗುವಂತಿಲ್ಲ. ಕಂಪನಿ ವಾಪಸು ಒಯ್ಯಬೇಕು, ಇಲ್ಲವೇ ಮತ್ತೆ ಬಳಕೆಗೆ ಬರುವಂತಿರಬೇಕು.

ಶಿವಯೋಗಪ್ಪ ಹುಬ್ಬಳ್ಳಿಗೆ ಹೋಗಿ ಪ್ಲಾಸ್ಟಿಕ್ ಬಕೆಟ್ಟು, ದಪ್ಪ ಪಾಕೀಟು ತಂದು ಅವಳ ಮೇಜಿನ ಮೇಲಿಟ್ಟ.

“ಯಾವುದರಾಗ ತುಂಬಬೇಕು ಅಂಬೋದು ನೀನ ಹೇಳು. ಆದ್ರ ರಾಜಾಸಾಬನ ಮಗಳಾಗಿ ಹೇಳಬ್ಯಾಡ.”

“ಇಲ್ರಿ. ಎಲ್ಲಾ ಇಟ್ಟು ನೋಡ್ತೀನಿ,” ಅಂದಳು ಮೆಹರೀನ.

ಅವರ ಮನೆಯಲ್ಲಿ ಉರ್ದು ನಡೆಯುತ್ತಿತ್ತು. ಕೆಲಸದ ಮಾತು ಬಂದರೆ ಮಾತ್ರ ಎಲ್ಲರೂ ಕನ್ನಡಕ್ಕೆ ಬರುತ್ತಿದ್ದರು. ಅಂದು ಊಟದ ಹೊತ್ತಿಗೆ ರಾಜಾಸಾಬ್ ರೊಟ್ಟಿ ಮುರಿಯುತ್ತಾ ಕನ್ನಡದಲ್ಲೇ ಕೇಳಿದ.

“ನನ್ನ ಡಬ್ಬಿಗೆ ಪರೀಕ್ಷಾ ಇಡ್ತಿಯಂತಲ್ಲ.”

“ನಿನ್ನ ಡಬ್ಬಿಗೆ ಒಂದಕ್ಕ ಅಲ್ಲ ಅಬ್ಬಾ. ನೀರು ಬಣ್ಣಕ್ಕ ಬರೀ ತಗಡು ತಾಳಂಗಿಲ್ಲ. ತುಕ್ಕು ಹಿಡೀತೈತಿ.”

“ಒಳಗ ವಾರ್ನೀಷ್ ಹೊಡದ್ರ?”

“ಹೊಡದು ಕೊಡು. ಅದನ್ನೂ ಇಡೋಣ.”

ತಾಯಿ ಮುಮ್ತಾಜ್ ಬೇಗಂ ಇಬ್ಬರ ಮುಖವನ್ನೂ ನೋಡಿ ಸಾರು ಬಡಿಸಿದಳು. 

ರಾಜಾಸಾಬ್ ಒಳ್ಳೆಯ ತಗಡು ಆರಿಸಿದ. ಬೆಸುಗೆಗೆ ಹಚ್ಚಿದ ಆಮ್ಲ ಉಳಿಯದಂತೆ ಸೋಡಾದಲ್ಲಿ ತೊಳೆದ, ಬಿಸಿಲಿಗೆ ಒಣಗಿಸಿದ, ಒಳಗೆಲ್ಲ ಎರಡು ಸಲ ವಾರ್ನೀಷ್ ಬಳಿದ. ಮೆಹರೀನ ಒಂದೇ ಪೀಪಾಯಿಯ ಬಣ್ಣವನ್ನು ಎಲ್ಲದರಲ್ಲೂ ತುಂಬಿ, ಮುಚ್ಚಳದ ಮೇಲೆ ತಾರೀಖು ಬರೆದು, ತನ್ನ ಕೋಣೆಯ ಗೋಡೆಗಿದ್ದ ಹಲಗೆಯ ಮೇಲೆ ಸಾಲಾಗಿ ಇಟ್ಟಳು.

ಪಾಕೀಟಿನ ಪಾಡು ಬೇಗ ಮುಗಿಯಿತು. ಇಲಿ ಕಡಿದು ಹಲಗೆಯೆಲ್ಲ ಬಿಳಿ ಆಯಿತು. ಬರೀ ತಗಡಿನ ಡಬ್ಬಿ ಮೊದಲ ತಿಂಗಳಲ್ಲೇ ಒಳಗೆ ಕೆಂಪಾಯಿತು. ಉಳಿದದ್ದು ಬಕೆಟ್ಟು ಮತ್ತು ಅಪ್ಪನ ವಾರ್ನೀಷ್ ಡಬ್ಬಿ. ಬಕೆಟ್ಟಿಗೆ ಏನೂ ಆಗುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಆದರೂ ಅವಳ ಮನಸ್ಸು ಡಬ್ಬಿಯ ಕಡೆಗಿತ್ತು. ಅಪ್ಪನದೆಂಬುದು ಒಂದು ಕಾರಣ. ಇನ್ನೊಂದು, ಅವಳು ನಿಜವಾಗಿ ನಂಬಿದ್ದದ್ದು: ಬಕೆಟ್ಟು ಬಿಸಿಲಿಗೆ ಸೀಳಿದರೆ ಅದನ್ನು ಕೂಡಿಸುವವರು ಈ ಸುತ್ತ ಯಾರೂ ಇಲ್ಲ. ಒಡೆದ ದಿನ ಅದು ಕಸ. ಡಬ್ಬಿ ಹಾಗಲ್ಲ, ತಿರುಗಿ ಬರುತ್ತದೆ. ಶಿವಯೋಗಪ್ಪನಿಗೆ ಇದನ್ನೆಲ್ಲ ಹೇಳಿದಾಗ ಅವನು ತಲೆ ಕೆರೆದುಕೊಂಡ.

“ಅದೆಲ್ಲಾ ಖರೇ. ಪಾಸಾಗ್ಲಿ ಮೊದ್ಲು.”

ಮಳೆಗಾಲ ಬಂತು. ಹವೆಯಲ್ಲಿ ತೇವ ಏರಿತು. ಕಡೆಯ ಸಲ ತೆರೆದು ನೋಡುವ ದಿನ ಮೆಹರೀನ ವಾರ್ನೀಷ್ ಡಬ್ಬಿಯ ಮುಚ್ಚಳ ಎತ್ತಿದಳು. ಬಣ್ಣ ಹಾಲಿನ ಹಾಗಿತ್ತು. ಬಣ್ಣ ಸುರಿದು, ತೊಳೆದು, ಬೆಳಕಿಗೆ ಹಿಡಿದಳು. ಒಂದು ಚುಕ್ಕೆ ತುಕ್ಕಿಲ್ಲ. ಬೆಸುಗೆಯ ಗೆರೆ ನಿನ್ನೆ ಹಾಕಿದಂತೆ ಹೊಳೆಯುತ್ತಿತ್ತು.

ಇಷ್ಟೊಂದು ಹೊಳೆಯಬಹುದೇ ಎಂದು ಅವಳಿಗೆ ಅನಿಸಿತು. ಕೈ ಒಂದು ಗಳಿಗೆ ನಿಂತಿತು. ಆಮೇಲೆ ಡಬ್ಬಿಯನ್ನು ಎತ್ತಿಕೊಂಡು ಶಿವಯೋಗಪ್ಪನ ಕೋಣೆಗೆ ನಡೆದಳು.

ಅಪ್ಪನನ್ನೂ ಕರೆಸಿದರು. ರಾಜಾಸಾಬ್ ಡಬ್ಬಿಯನ್ನು ತಿರುಗಿಸಿ ನೋಡಿದ, ಬೆಸುಗೆಯ ಮೇಲೆ ಹೆಬ್ಬೆರಳು ಆಡಿಸಿದ, ತಳ ನೋಡಿದ.

“ಪಾಸಾತಪ್ಪ ನಿನ್ನ ಡಬ್ಬಿ,” ಅಂದ ಶಿವಯೋಗಪ್ಪ.

“ಚೊಲೋ ಐತಿ,” ಅಂದ ರಾಜಾಸಾಬ್. ಡಬ್ಬಿಯನ್ನು ಮೇಜಿನ ಮೇಲಿಟ್ಟು ಕೈ ಒರೆಸಿಕೊಂಡ.

ಶಾಲೆಗಳ ಆರ್ಡರು ಶಿವಯೋಗಪ್ಪನಿಗೆ ಸಿಕ್ಕಿತು. ಆ ಚಳಿಗಾಲದಲ್ಲಿ ಓಣಿಯ ಅಂಗಡಿಯಲ್ಲಿ ದಿನವಿಡೀ ಸುತ್ತಿಗೆಯ ಸದ್ದು. ರಾಜಾಸಾಬ್ ಇಬ್ಬರು ಆಳು ಇಟ್ಟುಕೊಂಡ. ಮುಮ್ತಾಜ್ ಬೇಗಂ ತಾನೇ ಕೂತು ಡಬ್ಬಿಗಳೊಳಗೆ ವಾರ್ನೀಷ್ ಬಳಿದಳು. ಬಣ್ಣ ತುಂಬಿದ ಡಬ್ಬಿಗಳು ಹರಪನಹಳ್ಳಿ ತಾಲ್ಲೂಕಿನ ಗೋದಾಮಿಗೆ ಹೋಗಿ, ಅಲ್ಲಿ ಕೆಲವು ತಿಂಗಳು ಕೂತು, ಬೇಸಿಗೆ ರಜೆಯಲ್ಲಿ ಒಂದೊಂದೇ ಹಳ್ಳಿಗೆ ಹಂಚಿಕೆಯಾಗತೊಡಗಿದವು. ಎಲ್ಲಕ್ಕಿಂತ ಮುಂಚೆ ಹೋದದ್ದು ಚಿಗಟೇರಿಯ ಆಚೆಗಿನ ಒಂದು ಸಣ್ಣ ಹಳ್ಳಿಯ ಶಾಲೆಗೆ, ಅಲ್ಲಿ ಬಣ್ಣ ಬಳಿಯುವ ಕೆಲಸ ಮಾರಣ್ಣನದು. ಮಾರಣ್ಣ ಚಿಗಟೇರಿಯವನು. ಮೊದಲು ಸುಣ್ಣ ಬಳಿಯುತ್ತಿದ್ದವನು, ತನ್ನ ನಾಜೂಕಿನಿಂದ ಮೇಲೆ ಬಂದು ಸುತ್ತಿನ ಶಾಲೆಗಳ ಕೆಲಸವೆಲ್ಲ ತನಗೇ ಬರುವಂತೆ ಮಾಡಿಕೊಂಡಿದ್ದ.

ಶಾಲೆ ಶುರುವಾಗುವ ಹೊತ್ತಿಗೆ ಗೋಡೆಗಳ ಮೇಲೆ ಕಂದು ಗೀರುಗಳು ಮೂಡಿದವು. ಯಾರೋ ಎಲೆಯಡಿಕೆ ಉಗುಳಿ ಒರೆಸಿದಂತೆ. ಮುಖ್ಯೋಪಾಧ್ಯಾಯ ಪಕ್ಕೀರಪ್ಪ ಮೇಲಕ್ಕೆ ಬರೆದ. ಎಂಜಿನಿಯರ್ ಒಬ್ಬರು ಬಂದರು. ಶಿವಯೋಗಪ್ಪ ಮೆಹರೀನಳನ್ನು ಕರೆದುಕೊಂಡು ಜೀಪಿನಲ್ಲಿ ಹೋದ.

ಶಾಲೆಯ ಅಂಗಳದಲ್ಲಿ ಎಲ್ಲರೂ ನಿಂತರು. ಬಣ್ಣ ಕಲಸಿದ ಕಬ್ಬಿಣದ ಅರ್ಧ ಡ್ರಮ್ಮು ಒಂದು ಮೂಲೆಯಲ್ಲಿ ಬಿದ್ದಿತ್ತು. ಶಿವಯೋಗಪ್ಪ ಅದನ್ನು ಕಾಲಿನಿಂದ ಹೊರಳಿಸಿದ.

“ಇದರಾಗ ಕಲಸ್ಯಾನ್ರಿ. ತುಕ್ಕು ಇದರಿಂದ ಬಂದೈತಿ.”

“ಅದು ನಾನು ನೀರು ತುಂಬಾಕೆ ಇಟ್ಟಿದ್ದು ಸಾಹೇಬ್ರೆ,” ಅಂದ ಮಾರಣ್ಣ. “ಬಣ್ಣ ಡಬ್ಬಿಯಾಗೇ ಕಲಸೀನಿ. ಡಬ್ಬಿ ತೆಗೆದಾಗ್ಲೇ ತಳದಾಗೆ ಕೆಂಪು ಕೆಂಪು ಇತ್ತು. ಬಣ್ಣದ ನಮೂನಿನೇ ಹಂಗೇನೋ ಅಂದ್ಕೊಂಡೆ.”

ಎಂಜಿನಿಯರ್ ಮೆಹರೀನಳ ಕಡೆ ತಿರುಗಿದರು. “ಕೆಮಿಸ್ಟ್ ನೀವಲ್ಲವೇ? ಡಬ್ಬಿಯಿಂದ ಬರಬಹುದಾ?”

ಮಾರಣ್ಣ ಅವಳನ್ನೇ ನೋಡುತ್ತಿದ್ದ. ಹೊಳೆಯುತ್ತಿದ್ದ ಆ ಬೆಸುಗೆ ಅವಳ ಕಣ್ಣ ಮುಂದೆ ಬಂತು.

“ಡಬ್ಬಿ ಪರೀಕ್ಷೆ ಮಾಡೀನ್ರಿ,” ಅಂದಳು. “ಪಾಸಾಗಿತ್ತು.”

ಎಂಜಿನಿಯರಿಗೆ ಅಷ್ಟು ಸಾಕಾಯಿತು. ಗೋಡೆಗಳನ್ನು ಮತ್ತೆ ಬಳಿಸುವ ಖರ್ಚು ಮಾರಣ್ಣನ ಮೇಲೆ ಬಿತ್ತು. ಮುಂದಿನ ಶಾಲೆಗಳ ಕೆಲಸ ಅವನ ಕೈ ತಪ್ಪಿತು. ಅವನು ಬ್ರಷ್ಷುಗಳನ್ನು ಚೀಲಕ್ಕೆ ತುಂಬಿಕೊಂಡು, ಆ ಅರ್ಧ ಡ್ರಮ್ಮನ್ನು ತಲೆಯ ಮೇಲೆ ಹೊತ್ತುಕೊಂಡು ಹೊರಟುಹೋದ.

ಜೀಪು ಹೊರಡುವ ಮೊದಲು ಮೆಹರೀನ ಶಾಲೆಯ ಕೋಣೆಯಲ್ಲಿ ಉಳಿದಿದ್ದ ಒಂದು ತುಂಬಿದ ಡಬ್ಬಿಯನ್ನು ಎತ್ತಿಕೊಂಡಳು. ಕಾರ್ಖಾನೆಯಲ್ಲಿ ಒಬ್ಬಳೇ ಕೂತು ಅದನ್ನು ತೆರೆದು, ಬಣ್ಣ ಸುರಿದು, ಕತ್ತರಿಯಿಂದ ಬೆಸುಗೆಯ ಗುಂಟ ಸೀಳಿದಳು. ವಾರ್ನೀಷ್ ಸಿಪ್ಪೆಯಂತೆ ಎದ್ದು ಬಂದಿತ್ತು. ಅದರ ಕೆಳಗೆ ತಗಡು ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಎಷ್ಟು ತೊಳೆದರೂ ಅಂಚಿನ ಮಡಿಕೆಯೊಳಗೆ ಆಮ್ಲ ಉಳಿದೇ ಉಳಿಯುತ್ತದೆ, ಅಲ್ಲಿ ವಾರ್ನೀಷ್ ಹಿಡಿಯುವುದಿಲ್ಲ. ಹಾಗಾದರೆ ಹಲಗೆಯ ಮೇಲಿದ್ದ ಡಬ್ಬಿಗೆ ಮಾತ್ರ ಯಾಕೆ ಏನೂ ಆಗಲಿಲ್ಲ?

ಆ ಕೋಣೆಗೆ ಅವಳಲ್ಲದೆ ಹೋಗಿ ಬರುತ್ತಿದ್ದವರು ಒಬ್ಬರೇ. ಮಧ್ಯಾಹ್ನ ಬುತ್ತಿ ತರುತ್ತಿದ್ದ ತಾಯಿ.

ಮನೆಗೆ ಬಂದಾಗ ಮುಮ್ತಾಜ್ ಬೇಗಂ ಅಂಗಳದಲ್ಲಿ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ಮೆಹರೀನ ಸೀಳಿದ ತಗಡನ್ನು ಅವಳ ಮುಂದಿಟ್ಟಳು. ತಾಯಿ ಅದನ್ನು ನೋಡಿದಳೇ ಹೊರತು ಮುಟ್ಟಲಿಲ್ಲ.

“ಅಮ್ಮೀ, ನೀ ಏನಾದ್ರೂ ಮಾಡಿದಿ?”

ತಾಯಿ ಕೈಯಲ್ಲಿದ್ದ ಮೆಣಸಿನಕಾಯಿಯನ್ನು ಮೊರಕ್ಕೆ ಹಾಕಿದಳು.

“ನಿಮ್ಮ ಅಬ್ಬಾ ದಿನಾ ಕೇಳೋನು, ಡಬ್ಬಿ ಹೆಂಗೈತಿ, ಏನರ ಅಂದಳಾ ಅಂತ. ಕಡೇ ಸಲ ನೀ ತೆರೆಯೋ ಮುಂಚಿನ ವಾರ, ನೀ ಕೈ ತೊಳ್ಯಾಕ ಹೋದಾಗ ಮುಚ್ಚಳ ತೆಗೆದು ನೋಡಿದೆ. ಅಂಚಿನಾಗ ಕೆಂಪಾಗಿತ್ತು. ಮನ್ಯಾಗ ಅಂಥದ್ದ ಇನ್ನೊಂದಿತ್ತು. ಮರುದಿನ ಬುತ್ತಿ ಬುಟ್ಟ್ಯಾಗ ಇಟ್ಕೊಂಡು ಬಂದು, ಪೀಪಾಯಿ ಬಣ್ಣ ಹಾಕಿ, ನೀ ಬರೆದ ಮುಚ್ಚಳ ಅದಕ್ಕ ಹಾಕಿ, ಹಳೇದನ್ನ ಒಯ್ದು ಬಿಸಾಕಿದೆ.”

“ಯಾಕ ಅಮ್ಮೀ?”

“ಒಂದು ಡಬ್ಬಿ ಅಂದ್ಕೊಂಡೆ. ಒಂದು ಡಬ್ಬಿಯಿಂದ ಏನಾಗ್ತೈತಿ ಅಂದ್ಕೊಂಡೆ.”

ಮೆಹರೀನಳಿಗೆ ಬೈಯಲು ಬಾಯಿ ಬರಲಿಲ್ಲ. ಬೈಯಬೇಕೆಂದರೆ ತನ್ನನ್ನೂ ಸೇರಿಸಿ ಬೈಯಬೇಕಿತ್ತು. “ಅಬ್ಬಾಗ ಹೇಳಬ್ಯಾಡ,” ಅಂದಳು ತಾಯಿ. ಮಗಳು ತಲೆಯಾಡಿಸಿದಳು.

ಆದರೆ ಶಿವಯೋಗಪ್ಪನಿಗೆ ಹೇಳಿದಳು. ತಾಯಿಯ ಹೆಸರು ತೆಗೆಯದೆ, ಪರೀಕ್ಷೆಯಲ್ಲಿ ತಪ್ಪಾಗಿದೆ, ಡಬ್ಬಿಯೇ ತುಕ್ಕು ಹಿಡಿದದ್ದು, ಮಾರಣ್ಣನ ತಪ್ಪಿಲ್ಲ ಅಂದಳು. ಶಿವಯೋಗಪ್ಪ ಸೀಳಿದ ತಗಡನ್ನು ಹಳೆಯ ಪೇಪರಿನಲ್ಲಿ ಸುತ್ತಿ ಮೇಜಿನ ಕೆಳಗಿಟ್ಟ.

“ಈಗ ಹೇಳಿದ್ರ ಆರ್ಡರು ಹೋಗ್ತೈತಿ. ಕಾರ್ಖಾನಿ ಬಾಗಲಾ ಹಾಕಬೇಕಾಗ್ತೈತಿ. ನಿಮ್ಮಪ್ಪನ ಹೆಸರೂ ಕೆಡ್ತೈತಿ.”

“ಮಾರಣ್ಣನ ಹೆಸರು ಕೆಟ್ಟೈತಲ್ರಿ.”

“ಅಂವ ಕಸುಬಿನ ಮನಷ್ಯಾ. ಬ್ಯಾರೆ ಕಡೆ ಕೆಲಸ ಸಿಗ್ತೈತಿ. ನೋಡವ್ವಾ, ಇನ್ನ ಮುಂದ ಬಕೆಟ್ಟು. ಗೋದಾಮಿನಾಗಿರೋ ಡಬ್ಬಿ ಎಲ್ಲಾ ಸುಮ್ಮನ ವಾಪಸ್ ತರಿಸ್ತೀನಿ. ಇಲ್ಲಿಗೆ ಮುಗಿಸೋಣ.”

ಅವಳು ಎದ್ದು ನಿಂತಳು. ಹೊರಗೆ ಹೋಗಿ ಹರಪನಹಳ್ಳಿಯ ಬಸ್ಸು ಹತ್ತಿ, ಎಂಜಿನಿಯರ್ ಕಚೇರಿಗೆ ಹೋಗಬಹುದಿತ್ತು. ಹೋಗಲಿಲ್ಲ. ತನ್ನ ಕೋಣೆಗೆ ಹೋಗಿ, ಬಕೆಟ್ಟಿನಲ್ಲಿದ್ದ ಬಣ್ಣವನ್ನು ಕಲಕಿ ನೋಡಿದಳು. ಅದು ಹಾಕಿದ ದಿನ ಹೇಗಿತ್ತೋ ಹಾಗೇ ಇತ್ತು.

ಬಕೆಟ್ಟುಗಳು ಲಾರಿಯಲ್ಲಿ ಬಂದವು. ನೀಲಿ, ಬಿಳಿ, ಮೇಲೆ ಕಂಪನಿಯ ಹೆಸರು. ಅಂಗಡಿಯವರು ಖುಷಿಯಾದರು. ಹೆಂಗಸರು ಬಣ್ಣ ಬೇಕಿಲ್ಲದಿದ್ದರೂ ಬಕೆಟ್ಟು ಕೇಳಿಕೊಂಡು ಬರತೊಡಗಿದರು. ಗಾಡಿಯಲ್ಲಿ ಒಂದೂ ಖಾಲಿ ಬಕೆಟ್ಟು ವಾಪಸು ಬರಲಿಲ್ಲ. ಕೇಳಿದರೆ, ಬಚ್ಚಲಲ್ಲಿ ಇದೆ, ಎಮ್ಮೆಗೆ ನೀರಿಡಲು ಇದೆ ಅನ್ನುತ್ತಿದ್ದರು. “ಮತ್ತ ಬಳಕಿ ಅಂದ್ರ ಇದ ಅಲ್ಲೇನು?” ಅಂದ ಶಿವಯೋಗಪ್ಪ. ಷರತ್ತಿಗೆ ಉತ್ತರವಾಗಿ ಹಾಗೆಯೇ ಬರೆದುಕೊಡಲು ಮೆಹರೀನಳಿಗೆ ಹೇಳಿದ. ಅವಳು ಬರೆದುಕೊಟ್ಟಳು. ಅದು ಸುಳ್ಳಾಗಿರಲಿಲ್ಲ. ಎರಡನೆಯ ಬೇಸಿಗೆಗೆ ಸೀಳಿದ ಬಕೆಟ್ಟುಗಳು ಕೆರೆ ಏರಿಯ ಕೆಳಗೆ ಬಂದು ಬೀಳತೊಡಗಿದವು. ಯಾರಾದರೂ ಬೆಂಕಿ ಹಚ್ಚಿದರೆ ಕಪ್ಪು ಹೊಗೆ ಕೂಡ್ಲಿಗಿ ರಸ್ತೆಯವರೆಗೂ ಬರುತ್ತಿತ್ತು. ಮೆಹರೀನ ಸೆರಗಿನಿಂದ ಮೂಗು ಮುಚ್ಚಿಕೊಂಡು ಕಾರ್ಖಾನೆಗೆ ಹೋಗುತ್ತಿದ್ದಳು.

ರಾಜಾಸಾಬ್ ಅಂಗಡಿ ಮುಚ್ಚಿದ. ಕತ್ತರಿ, ಇಕ್ಕಳ, ಸುತ್ತಿಗೆಗಳನ್ನು ಗುಜರಿಗೆ ಹಾಕಿದ. ಶಿವಯೋಗಪ್ಪ ಅವನನ್ನು ಬಿಡಲಿಲ್ಲ. ಕಾರ್ಖಾನೆಯಲ್ಲೇ ಬಕೆಟ್ಟಿಗೆ ಹಿಡಿಕೆ ಸಿಕ್ಕಿಸುವ, ಮುಚ್ಚಳ ಒತ್ತುವ ಕೆಲಸ ಕೊಟ್ಟ. ಮುಚ್ಚಳ ಒತ್ತಲು ರಬ್ಬರಿನ ಸುತ್ತಿಗೆ. ಸದ್ದೇ ಬಾರದ ಆ ಸುತ್ತಿಗೆಯನ್ನು ಹಿಡಿದು ಅವನು ದಿನವಿಡೀ ಸ್ಟೂಲಿನ ಮೇಲೆ ಕೂರುತ್ತಿದ್ದ. ಮುಮ್ತಾಜ್ ಬೇಗಂ ಬುತ್ತಿ ತರುವುದನ್ನು ಬಿಟ್ಟಳು. ಅಪ್ಪ ಮಗಳು ಬೆಳಿಗ್ಗೆಯೇ ಕಟ್ಟಿಕೊಂಡು ಬಂದು ಮಧ್ಯಾಹ್ನ ಶೆಡ್ಡಿನ ನೆರಳಲ್ಲಿ ಉಣ್ಣುತ್ತಿದ್ದರು.

ಹಾಗೆ ಉಣ್ಣುವಾಗ ಒಂದು ದಿನ ರಾಜಾಸಾಬ್ ಹೇಳಿದ: “ಮಾರಣ್ಣ ಹಗರಿಬೊಮ್ಮನಳ್ಳ್ಯಾಗ ಲಾರಿಗೆ ಚೀಲ ಹೊರತಾನಂತ. ನಮ್ಮ ಡ್ರೈವರ್ ನೋಡಿ ಬಂದಾನ.”

ಮೆಹರೀನ ತುತ್ತು ಕೈಯಲ್ಲಿ ಹಿಡಿದು ಕೂತಳು.

“ಅಂವಂದೇನೂ ತಪ್ಪಿಲ್ಲ,” ಅಂದ ರಾಜಾಸಾಬ್. “ಆ ಡಬ್ಬಿ ನಾ ಕೊಟ್ಟಿದ್ದಲ್ಲ.”

“ಯಾವ ಡಬ್ಬಿ ಅಬ್ಬಾ?”

“ಪಾಸಾತಲ್ಲ, ಅದು. ಎರಡು ಮಾಡಿದ್ನಿ. ನಿನಗ ಕೊಟ್ಟದ್ದರ ತಳದಾಗ ಬೆಸುಗಿ ಸೊಲ್ಪ ಹೆಚ್ಚಾಗಿತ್ತು. ಅವತ್ತು ಕೈಯಾಗ ಹಿಡಕೊಂಡ ಕೂಡಲೆ ತಿಳೀತು, ಇದು ಮನ್ಯಾಗಿದ್ದದ್ದು ಅಂತ. ಮನಿಗೆ ಹೋಗಿ ನೋಡಿದ್ನಿ, ಅದು ಇರಲಿಲ್ಲ.”

“ಹಂಗಾರ ಯಾಕ ಹೇಳಲಿಲ್ಲ?”

ರಾಜಾಸಾಬ್ ಬುತ್ತಿಯ ಡಬ್ಬಿಯಲ್ಲಿ ಉಳಿದ ಅನ್ನವನ್ನು ಬೆರಳಿನಿಂದ ಒಂದು ಕಡೆ ಮಾಡಿದ.

“ನೀ ಮಾಡಿದಿಯೋ, ನಿಮ್ಮಮ್ಮ ಮಾಡಿದಳೋ ತಿಳೀಲಿಲ್ಲ. ಅದಕ್ಕ ಸುಮ್ಮನಾದೆ ಅಂತ ನನಗ ನಾನ ಹೇಳಿಕೊಂಡ್ನಿ. ಖರೇ ಅಂದ್ರ ಅದಲ್ಲ. ಕೈಗೆ ಬಂದ ಕೆಲಸ ಬಿಡಾಕ ಮನಸ್ಸಾಗಲಿಲ್ಲ. ಈ ಸಲ ವಾರ್ನೀಷ್ ಹೆಂಗರ ಹಿಡೀತೈತಿ ಅಂದ್ಕೊಂಡೆ.”

ಒಂದೇ ಸೂರಿನ ಕೆಳಗೆ ಮೂರು ಜನ, ಒಬ್ಬರಿಗೊಬ್ಬರು ಮುಚ್ಚಿಟ್ಟು, ಒಂದೇ ವಿಷಯವನ್ನು ಇಷ್ಟು ದಿನ ನುಂಗಿಕೊಂಡಿದ್ದರು. ಒಬ್ಬರ ಮೇಲೊಬ್ಬರಿಗಿದ್ದ ಅಕ್ಕರೆಯೇ ಕಾರಣ ಅನ್ನಲು ಮೆಹರೀನಳಿಗೆ ಆಗಲಿಲ್ಲ. ಆ ಅಕ್ಕರೆಯನ್ನು ಚೀಲದ ಹಾಗೆ ಬೆನ್ನ ಮೇಲೆ ಹೊತ್ತವನು ಮಾರಣ್ಣ.

ಮುಂದಿನ ಭಾನುವಾರ ಅವಳು ಚಿಗಟೇರಿಗೆ ಹೋದಳು. ಮಾರಣ್ಣ ಮನೆಯಲ್ಲೇ ಇದ್ದ. ಅವನ ಹೆಂಡತಿ ಬೊಮ್ಮಮ್ಮ ಕಟ್ಟೆಯ ಮೇಲೆ ಚಾಪೆ ಹಾಸಿದಳು. ಮೆಹರೀನ ಕೂರದೆ ಎಲ್ಲವನ್ನೂ ಹೇಳಿದಳು. ಈ ಸಲ ತಾಯಿಯ ಹೆಸರನ್ನೂ ಬಿಡಲಿಲ್ಲ, ಬೆಸುಗೆಯ ಹೊಳಪನ್ನು ತಾನು ನೋಡಿಯೂ ಸುಮ್ಮನಾದದ್ದನ್ನೂ ಬಿಡಲಿಲ್ಲ. 

ಬೊಮ್ಮಮ್ಮನೇ ಮೊದಲು ಮಾತಾಡಿದಳು. “ಅವತ್ತು ಇಷ್ಟೂ ಮಾತು ಎಲ್ಲಿಗೆ ಹೋಗಿದ್ವವ್ವಾ?”

ಮೆಹರೀನ ಚಾಪೆಯ ಅಂಚಿಗೆ ಕೂತಳು.

“ಹೆಡ್‌ಮಾಸ್ತರ್ರ ಮುಂದೆ ಇದನ್ನ ಹೇಳ್ತೀರೇನು?” ಅಂದ ಮಾರಣ್ಣ.

“ಹೇಳ್ತೀನಿ. ಅದಕ್ಕ ಬಂದೀನಿ.”

ಪಕ್ಕೀರಪ್ಪನ ಮನೆ ಅದೇ ಊರಿನಲ್ಲಿತ್ತು. ಅವನು ಬನಿಯನ್ನಿನಲ್ಲೇ ಹೊರಗೆ ಬಂದು, ಇಬ್ಬರನ್ನೂ ಕೂರಿಸಿ, ಸಮಾಧಾನದಿಂದ ಕೇಳಿಸಿಕೊಂಡ. ಕೆಟ್ಟವನಲ್ಲ. ಕೇಳಿ ಮುಗಿಸಿ ಕನ್ನಡಕ ತೆಗೆದು ಒರೆಸಿದ.

“ಆ ಗೋಡೆಗೆ ಬ್ಯಾರೆಯವರು ಬಣ್ಣ ಬಳಿದು ಎರಡು ವರ್ಷಾತು. ಆ ಎಂಜಿನಿಯರ್ರಿಗೆ ವರ್ಗ ಆತು. ಕೆಲಸ ಈಗ ದಾವಣಗೆರೆ ಕಂಟ್ರಾಕ್ಟರ್ ಹಿಡಿದಾರೆ. ಈಗ ನಾನು ಯಾರಿಗೆ ಬರೀಲಿ?”

“ಇವರದು ತಪ್ಪಿಲ್ಲ ಅಂತ ಬರೀರಿ,” ಅಂದಳು ಮೆಹರೀನ.

“ಬರೆದ್ರೆ ಯಾರು ಓದ್ತಾರಮ್ಮ? ಮಾರಣ್ಣ ಒಳ್ಳೆಯವ ಅಂತ ನನಗೇನು ಗೊತ್ತಿಲ್ಲವಾ? ನನಗೆ ಅವತ್ತೇ ಗೊತ್ತಿತ್ತು.” ಹಾಗೆಂದು ಒಳಗೆ ತಿರುಗಿ ಚಹಾ ತರಲು ಹೇಳಿದ.

ಮಾರಣ್ಣ ಚಹಾ ಬರುವವರೆಗೆ ಕೂರಲಿಲ್ಲ. ಎದ್ದು, ಚಪ್ಪಲಿ ಮೆಟ್ಟಿ, ಕೆಳಗಿಳಿದ. ಮೆಹರೀನ ಹಿಂದೆಯೇ ಹೋದಳು.

“ಮಾರಣ್ಣಾ, ಎಂಜಿನಿಯರ್ ಕಚೇರಿಗೆ ನಾಳೆ ನಾನ ಹೋಗ್ತೀನಿ. ಬರೆದು ಕೊಡ್ತೀನಿ.”

“ಕೊಡ್ರಿ,” ಅಂದ ಅವನು. ದನಿಯಲ್ಲಿ ಸಿಟ್ಟಿರಲಿಲ್ಲ, ಸಿಟ್ಟಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. “ಕೊಟ್ರೆ ನಿಮಗೆ ನಿದ್ದೆ ಬರ್ತತಿ. ನನಗೆ ಬಣ್ಣದ ಕೈ ಹೋತು. ಹೊರೆ ಹೊತ್ತು ಹೊತ್ತು ಬೆರಳು ಮಡಚಾಕೆ ಬರಲ್ಲ, ಬ್ರಷ್ಷು ನಿಲ್ಲಲ್ಲ.” ಅವನು ಬಲಗೈಯನ್ನು ತೋರಿಸಲಿಲ್ಲ. ಬರೀ ಹೇಳಿದ. ಆಮೇಲೆ, “ಬಸ್ಸು ಇನ್ನೇನು ಬರ್ತತಿ, ಹೋಗ್ರಿ,” ಅಂದು ಮನೆಯ ದಾರಿ ಹಿಡಿದ.

ಮರುದಿನ ಅವಳು ಹರಪನಹಳ್ಳಿಯ ಕಚೇರಿಗೆ ಹೋಗಿ ಬರೆದುಕೊಟ್ಟಳು. ಗುಮಾಸ್ತ ಅದನ್ನು ತೆಗೆದುಕೊಂಡು, ಯಾವ ಕಡತಕ್ಕೆ ಹಾಕಬೇಕೆಂದು ತಿಳಿಯದೆ ಕಿಟಕಿಯ ಕಟ್ಟೆಯ ಮೇಲಿಟ್ಟ. ಕೊಟ್ಟೂರಿಗೆ ಬಂದು ಶಿವಯೋಗಪ್ಪನಿಗೆ ವಿಷಯ ತಿಳಿಸಿದಳು. ಅವನು ಅವಳ ಮುಖ ನೋಡದೆ, “ನಾಳಿಂದ ಬರಬ್ಯಾಡ,” ಅಂದ. ರಾಜಾಸಾಬನನ್ನು ಮಾತ್ರ ಉಳಿಸಿಕೊಂಡ. ರಾಜಾಸಾಬನೂ ಉಳಿದ, ಮನೆಯಲ್ಲಿ ಒಬ್ಬರಾದರೂ ದುಡಿಯಬೇಕಿತ್ತು. ಸಂಜೆ ಅವನು ಬಂದಾಗ ಮೂವರೂ ಒಟ್ಟಿಗೆ ಉಂಡರು. ಮುಮ್ತಾಜ್ ಬೇಗಂ ಬಡಿಸಿದಳು. ಕೆಲಸದ ಮಾತಿಗೆಂದು ಕನ್ನಡಕ್ಕೆ ಯಾರೂ ಬರಲಿಲ್ಲ.